ನೀರು ಕುಡಿಯದ ಹುಡುಗಿ

ಬೆಳಿಗ್ಗೆ ಏಳು ಗಂಟೆಗೆ ಒಂದು ಗುಳಿಗೆ. ಅದನ್ನು ನುಂಗಲು ಒಂದು ಲೋಟ ನೀರು. ಅದಾದ ಮೇಲೆ ಸಂಜೆ ಐದಕ್ಕೆ ಶಾಲೆಯಿಂದ ಮನೆಗೆ ಬಂದಾಗಲೇ ಇನ್ನೊಂದು ಲೋಟ. ಬಸವಕಲ್ಯಾಣದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂರು ತಿಂಗಳ ಕಾಲ ಹೀಗೆಯೇ ದಿನ ಕಳೆದಳು. ಅವ್ವ ದಿನವೂ ಚೀಲದಲ್ಲಿಟ್ಟು ಕಳಿಸುತ್ತಿದ್ದ ಬಾಟಲಿ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಆದರೆ ಆ ನೀರು ಹೋಗುತ್ತಿದ್ದುದು ಹುಡುಗಿಯ ಹೊಟ್ಟೆಗಲ್ಲ, ಓಣಿಯ ತಿರುವಿನಲ್ಲಿದ್ದ ಬೇವಿನ ಮರದ ಬುಡಕ್ಕೆ.

ಕಾರಣ ದೊಡ್ಡದೇನಲ್ಲ. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ. ನೀರು ಕುಡಿದರೆ ಅಲ್ಲಿಗೆ ಹೋಗಬೇಕಾಗುತ್ತದೆ, ಕುಡಿಯದಿದ್ದರೆ ಆ ಕಷ್ಟವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿನ ನಾಡಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಮಾಡಿಕೊಂಡಿರುವ ಲೆಕ್ಕವೇ ಇದು. ಉಳಿದವರಿಗೆ ಅದರಿಂದ ತಲೆನೋವು, ಉರಿಮೂತ್ರದ ತೊಂದರೆ ಬರುತ್ತಿತ್ತು. ಈ ಹುಡುಗಿಗೆ ಮಾತ್ರ ಆ ಲೆಕ್ಕ ಬಹಳ ದುಬಾರಿಯಾಯಿತು. ಅವಳು ಬೆಳಿಗ್ಗೆ ನುಂಗುತ್ತಿದ್ದ ಗುಳಿಗೆ ಅಂಥದ್ದು.

ಅವಳಿಗಿದ್ದುದು ಲೂಪಸ್ ಎಂಬ ಕಾಯಿಲೆ. ಹೊರಗಿನ ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವುದು ಇದರ ಸ್ವಭಾವ. ಅವಳಲ್ಲಿ ಅದು ಮೂತ್ರಪಿಂಡಗಳಿಗೆ ತಗುಲಿತ್ತು. ಮುಖ ಬಾತುಕೊಂಡು, ಕೆನ್ನೆಗಳ ಮೇಲೆ ಕೆಂಪು ಗುಳ್ಳೆ ಎದ್ದಾಗ ತಂದೆ ತಾಯಿ ಅವಳನ್ನು ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಆ ಸಿಟ್ಟಿಗೆದ್ದ ರಕ್ಷಣಾ ಪಡೆಯನ್ನು ಹತೋಟಿಗೆ ತರಲು ವೈದ್ಯರು ಬರೆದುಕೊಟ್ಟ ಗುಳಿಗೆಯ ಹೆಸರು ಸೈಕ್ಲೋಫಾಸ್ಫಮೈಡ್. ಬರೆದುಕೊಡುವಾಗಲೇ ಅವರು ಮೂರು ಮಾತು ಹೇಳಿದ್ದರು. ಗುಳಿಗೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬೇಕು, ರಾತ್ರಿ ಅಲ್ಲ. ದಿನವಿಡೀ ಹೇಳಿದಷ್ಟು ನೀರು ಕುಡಿಯಬೇಕು. ಎರಡು ಗಂಟೆಗೊಮ್ಮೆ ಮೂತ್ರ ಮಾಡಬೇಕು, ಮಲಗುವ ಮುನ್ನವಂತೂ ತಪ್ಪಲೇಬಾರದು. ಮನೆಯವರು ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿದರು. ಉಳಿದೆರಡು ಹುಡುಗಿಯ ಕೈಯಲ್ಲಿದ್ದವು.

ಮೂರನೆಯ ತಿಂಗಳು ಉರಿ ಶುರುವಾಯಿತು. ಅರ್ಧ ಗಂಟೆಗೊಮ್ಮೆ ಎದ್ದು ಹೋಗುವುದು, ನಾಲ್ಕು ಹನಿಗೆ ಕಣ್ಣಲ್ಲಿ ನೀರು ತಂದುಕೊಂಡು ಬರುವುದು. ಒಂದು ದಿನ ಮೂತ್ರ ತಿಳಿಗೆಂಪಾಯಿತು. ಅವಳು ಯಾರಿಗೂ ಹೇಳಲಿಲ್ಲ. ಒಳ ಉಡುಪಿನ ಕಲೆಯನ್ನು ಕಂಡು ಅವ್ವ ಕೇಳಿದಾಗ ಮುಟ್ಟು ಎಂದುಬಿಟ್ಟಳು. ಅವ್ವನಿಗೆ ದಿನದ ಲೆಕ್ಕ ಗೊತ್ತಿತ್ತು.

“ಯಾಕವ್ವಾ, ಹದಿನೈದು ದಿನಕ್ಕ ಮತ್ತ ಆಯ್ತಾ? ಖರೆ ಹೇಳು.”

ಹುಡುಗಿ ಅಳುತ್ತ ಎಲ್ಲವನ್ನೂ ಹೇಳಿದಳು. ಆ ಹೊತ್ತಿಗೆ ನಾಲ್ಕು ದಿನ ಕಳೆದಿದ್ದವು.

ಬಸವಕಲ್ಯಾಣದಿಂದ ಕಲಬುರಗಿಗೆ ಹೊರಟ ಆ ಕುಟುಂಬ ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಕೂಡುವ ಊರು ಅದು. ಹುಡುಗಿಯ ಸೋದರಮಾವ ಅಲ್ಲಿ ಮಿರ್ಚಿ ಭಜಿಯ ಬಂಡಿ ಇಟ್ಟುಕೊಂಡಿದ್ದಾನೆ. ಬಂಡಿಯ ಪಕ್ಕ ಕುಳಿತ ಸೊಸೆಗೆ ಕಡಾಯಿಯ ಹೊಗೆ ಬಡಿದು ಕಣ್ಣು ಉರಿಯಿತು. “ಎಣ್ಣಿ ಭಾಳ ಕಾದದ, ಆ ಕಡಿ ಕುಂದರವ್ವಾ” ಎಂದು ಸರಿಸಿ ಕೂರಿಸಿದ ಮಾವ, ಅವಳ ಅಪ್ಪನನ್ನು ಬದಿಗೆ ಕರೆದು ಮೊಬೈಲ್ ತೋರಿಸಿದ. ಯಾವುದೋ ಮಹಾನಗರದ ಕ್ಲಿನಿಕ್ಕೊಂದರ ಜಾಹೀರಾತು. ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಹಾಳಾದ ಯಾವ ಅಂಗವನ್ನಾದರೂ ಹೊಸದಾಗಿ ಬೆಳೆಸಿಕೊಡುತ್ತೇವೆಂಬ ಭರವಸೆ. ಮಾವ ಆಗಲೇ ಫೋನು ಮಾಡಿ ಕೇಳಿದ್ದ. ನಾಲ್ಕು ಲಕ್ಷವಂತೆ.

ಅಪ್ಪ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನು. ಊರ ಹೊರಗೆ ಎರಡು ಎಕರೆ ಹೊಲವಿದೆ. ಕಲಬುರಗಿ ತಲುಪುವಷ್ಟರಲ್ಲಿ ಮನಸ್ಸಿನಲ್ಲೇ ಅದನ್ನು ಮಾರಿಯಾಗಿತ್ತು.

ವೈದ್ಯೆ ಮೊದಲು ಮಾಡಿಸಿದ್ದು ಮೂತ್ರದ ಪರೀಕ್ಷೆ. ರೋಗಾಣುವಿನ ಸೋಂಕಿದ್ದರೂ ಉರಿ, ರಕ್ತ ಎರಡೂ ಬರಬಹುದು, ಆದ್ದರಿಂದ ಅದು ಇಲ್ಲವೆಂದು ಖಾತ್ರಿಯಾಗಬೇಕು. ಸೋಂಕಿರಲಿಲ್ಲ. ಅನಂತರ ಸಣ್ಣ ದುರ್ಬೀನು ಕೊಳವೆಯಿಂದ ಮೂತ್ರಕೋಶದ ಒಳಭಾಗವನ್ನು ನೋಡಿದಾಗ ಒಳಗೋಡೆಯೆಲ್ಲ ಕೆಂಪೇರಿ ಊದಿಕೊಂಡಿತ್ತು, ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು.

“ತಂಗಿ, ದಿನಾ ಎಷ್ಟು ನೀರು ಕುಡಿತಿ?”

ಹುಡುಗಿ ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದಾಗ ತಲೆ ತಗ್ಗಿಸಿ, “ಸಾಲ್ಯಾಗ ಸಂಡಾಸಿಗೆ ಚಿಲಕ ಇಲ್ರಿ” ಎಂದಳು. ಆ ಒಂದು ವಾಕ್ಯದಲ್ಲಿ ರೋಗದ ಅರ್ಧ ಚರಿತ್ರೆ ಇತ್ತು.

ಉಳಿದರ್ಧ ರಸಾಯನ ವಿಜ್ಞಾನದ್ದು. ಸೈಕ್ಲೋಫಾಸ್ಫಮೈಡ್ ಹುಟ್ಟಿದ ಬಗೆ ವಿಚಿತ್ರವಾದುದು. ಅದರ ಪೂರ್ವಜ ಒಂದು ಯುದ್ಧದ ವಿಷ. ಮೊದಲ ಮಹಾಯುದ್ಧದಲ್ಲಿ ಬಳಸಿದ ಸಾಸಿವೆ ಅನಿಲಕ್ಕೆ ಸಿಕ್ಕವರ ರಕ್ತದಲ್ಲಿ ಬಿಳಿ ಕಣಗಳು ಕುಸಿಯುವುದನ್ನು ವೈದ್ಯರು ಕಂಡಿದ್ದರು. ಅದರ ಹತ್ತಿರದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ವಿಜ್ಞಾನಿಗಳ ತಂಡ ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿತು. ಗಡ್ಡೆ ಕೆಲಕಾಲ ಕರಗಿತು, ಆದರೆ ವಿಷದ ಉಪದ್ರವವೂ ಹೆಚ್ಚಾಗಿತ್ತು. 1958ರಲ್ಲಿ ಜರ್ಮನಿಯ ನಾರ್ಬರ್ಟ್ ಬ್ರಾಕ್ ಮತ್ತು ಸಂಗಡಿಗರು ಆ ವಿಷವನ್ನು ಪಳಗಿಸಿ ಸೈಕ್ಲೋಫಾಸ್ಫಮೈಡನ್ನು ಲೋಕಕ್ಕೆ ಪರಿಚಯಿಸಿದರು. ಗುಳಿಗೆಯಲ್ಲಿರುವಾಗ ಅದು ನಿದ್ದೆಯಲ್ಲಿರುತ್ತದೆ, ಯಕೃತ್ತಿಗೆ ಹೋದ ಮೇಲೆಯೇ ಎಚ್ಚರಗೊಂಡು ಮದ್ದಾಗುತ್ತದೆ. ಅಂದಿನಿಂದ ಇಂದಿನವರೆಗೆ ಅದು ರಕ್ತದ ಕ್ಯಾನ್ಸರ್, ಸ್ತನ ಕ್ಯಾನ್ಸರ್, ಲೂಪಸ್ ಮುಂತಾದ ಕಾಯಿಲೆಗಳಲ್ಲಿ ಅಸಂಖ್ಯ ಜೀವಗಳನ್ನು ಉಳಿಸಿದೆ.

ಆದರೆ ಯಕೃತ್ತಿನಲ್ಲಿ ಅದು ಒಡೆಯುವಾಗ ಮದ್ದಿನ ಜೊತೆಗೆ ಅಕ್ರೋಲಿನ್ ಎಂಬ ಇನ್ನೊಂದು ವಸ್ತುವೂ ಹುಟ್ಟುತ್ತದೆ. ಹುಮನಾಬಾದಿನ ಬಂಡಿಯ ಹತ್ತಿರ ಹುಡುಗಿಯ ಕಣ್ಣು ಉರಿಸಿದ್ದೂ ಇದೇ ಅಕ್ರೋಲಿನ್. ಎಣ್ಣೆ ಅತಿಯಾಗಿ ಕಾದಾಗ ಅದರಲ್ಲಿರುವ ಗ್ಲಿಸರಾಲ್ ನೀರಿನ ಅಂಶ ಕಳೆದುಕೊಂಡು ಅಕ್ರೋಲಿನ್ ಆಗುತ್ತದೆ. ಕಡಾಯಿಯಿಂದ ಎದ್ದ ಅಕ್ರೋಲಿನ್ ಗಾಳಿಯಲ್ಲಿ ಚೆದುರಿ ಹೋಗುತ್ತದೆ, ಕಣ್ಣೊರೆಸಿಕೊಂಡರೆ ಮುಗಿಯಿತು. ದೇಹದೊಳಗೆ ಹುಟ್ಟಿದ ಅಕ್ರೋಲಿನ್ನನ್ನು ಮೂತ್ರಪಿಂಡಗಳು ಸೋಸಿ ಮೂತ್ರಕೋಶಕ್ಕೆ ಕಳಿಸುತ್ತವೆ. ದೇಹದ ಬೇರೆಡೆ ಅದು ಹಾದುಹೋಗುವ ಪ್ರಯಾಣಿಕ. ಮೂತ್ರಕೋಶದಲ್ಲಿ ಮಾತ್ರ ಅದು ತಂಗುತ್ತದೆ. ನೀರು ಕಡಿಮೆಯಾದಷ್ಟೂ ಅದರ ಸಾಂದ್ರತೆ ಹೆಚ್ಚು, ತಡೆದು ಕುಳಿತಷ್ಟೂ ಅದು ಗೋಡೆಯನ್ನು ಸುಡುವ ಹೊತ್ತು ಹೆಚ್ಚು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಆ ಹುಡುಗಿ ತಡೆದು ಕುಳಿತದ್ದು ಬರಿಯ ಮೂತ್ರವನ್ನಲ್ಲ.

ಈ ದೋಷಕ್ಕೆ ಪರಿಹಾರ ಹುಡುಕಿದವರಲ್ಲೂ ಬ್ರಾಕ್ ಮುಂಚೂಣಿಯಲ್ಲಿದ್ದರು. ಮೆಸ್ನಾ ಎಂಬ ಮದ್ದಿನ ಅಣುವಿನಲ್ಲಿ ಗಂಧಕ–ಜಲಜನಕದ ಜೋಡಿಯೊಂದಿದೆ. ಅದು ಅಕ್ರೋಲಿನ್ನನ್ನು ಗಟ್ಟಿಯಾಗಿ ಹಿಡಿದು ನಿರುಪದ್ರವಿಯಾಗಿಸುತ್ತದೆ. ರಕ್ತದಲ್ಲಿರುವಾಗ ಅದು ಹೆಚ್ಚಾಗಿ ಸುಮ್ಮನಿದ್ದು ಮೂತ್ರಕ್ಕೆ ಬಂದಾಗ ಕೆಲಸ ಮಾಡುವುದರಿಂದ ಮೂಲ ಮದ್ದಿನ ಶಕ್ತಿ ಕುಂದುವುದಿಲ್ಲ. ಸೈಕ್ಲೋಫಾಸ್ಫಮೈಡಿನ ದೊಡ್ಡ ಪ್ರಮಾಣ ಕೊಡುವಾಗ, ಅದರ ಸೋದರನಾದ ಐಫಾಸ್ಫಮೈಡ್ ಕೊಡುವಾಗ ಮೆಸ್ನಾ ಜೊತೆಗಿರುತ್ತದೆ. ದಿನದ ಸಣ್ಣ ಗುಳಿಗೆಗೆ ಮುಖ್ಯ ಕಾವಲು ನೀರೇ.

“ಮೇಡಂ, ಎರಡು ಎಕರೆ ಹೊಲ ಅದ, ಮಾರತೀನಿ. ಆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಸ್ರಿ” ಎಂದು ಅಪ್ಪ ಕೈಮುಗಿದ.

ವೈದ್ಯೆ ಅವನ ಕೈಯ ಬಣ್ಣದ ಕಲೆಗಳನ್ನು ನೋಡಿ ಕೆಲಸ ಏನೆಂದು ಕೇಳಿದರು. ಆಮೇಲೆ ಹೇಳಿದರು: “ಲಾರಿ ತಗಡಿನ ಮ್ಯಾಲಿನ ಬಣ್ಣ ಕೆತ್ತಿ ಹೋಗಿ ಪ್ರೈಮರ್ ಉಳಿದಿದ್ರ ನೀವು ತಗಡು ಬದಲಸ್ತೀರೇನು? ನಿಮ್ಮ ಮಗಳಿಗೆ ಈಗ ಆಗಿದ್ದು ಅಷ್ಟೇ. ಆದರ ಲಾರಿಗೆ ನೀವು ಬಣ್ಣ ಹಚ್ಚಬೇಕು. ಇಲ್ಲಿ ಪ್ರೈಮರೇ ತನ್ನಷ್ಟಕ್ಕ ತಾನು ಬಣ್ಣ ತಯಾರ್ ಮಾಡತದ. ನಾವು ಮ್ಯಾಲೆ ಆಸಿಡ್ ಸುರಿಯೋದು ನಿಲ್ಲಸಬೇಕು, ಅಷ್ಟ.”

ಹೋಲಿಕೆ ಸರಳವಾದರೂ ಮಾತು ಶಾಸ್ತ್ರಸಮ್ಮತವಾದುದು. ಮೂತ್ರಕೋಶದ ಒಳಮೈಯಲ್ಲಿ ಹಲವು ಪದರಗಳ ಜೀವಕೋಶಗಳಿವೆ. ಮೇಲಿನ ಪದರದಲ್ಲಿ ಛತ್ರಿಯಂತೆ ಅಗಲವಾಗಿ ಹರಡಿಕೊಂಡ ದೊಡ್ಡ ಕೋಶಗಳು ಮೂತ್ರವನ್ನು ಒಳಕ್ಕೆ ಇಂಗದಂತೆ ತಡೆಯುತ್ತವೆ. ತಳದಲ್ಲಿರುವುವು ಹೊಸ ಕೋಶಗಳನ್ನು ಹುಟ್ಟಿಸಬಲ್ಲ ಆಕರಕೋಶಗಳು. ಸಣ್ಣ ಕರುಳಿನ ಒಳಮೈ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತದೆ. ಮೂತ್ರಕೋಶದ್ದು ಹಾಗಲ್ಲ. ಅಲ್ಲಿನ ಕೋಶಗಳು ತಿಂಗಳುಗಟ್ಟಲೆ ಬಾಳುತ್ತವೆ, ತಳದ ಆಕರಕೋಶಗಳು ಹೆಚ್ಚುಕಡಿಮೆ ಮಲಗಿರುತ್ತವೆ. ಮೇಲ್ಪದರ ಸುಟ್ಟು ಕಳಚಿತೋ, ಅವು ಥಟ್ಟನೆ ಎದ್ದು ವಿಭಜನೆಗೆ ತೊಡಗುತ್ತವೆ. ಇಲಿಗಳಿಗೆ ಸೈಕ್ಲೋಫಾಸ್ಫಮೈಡ್ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಒಳಪದರ ಬೇಗನೆ ಕಳಚಿಬಿದ್ದು, ಕೆಲವೇ ವಾರಗಳಲ್ಲಿ ಮತ್ತೆ ಬೆಳೆದದ್ದು ಕಂಡುಬಂದಿದೆ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು, ಗಾಯಗೊಂಡ ಮೂತ್ರಕೋಶದಲ್ಲಿ ತಳದ ಕೋಶಗಳು ತಮ್ಮ ಕೆಳಗಿನ ಅಂಗಾಂಶಕ್ಕೆ ಸಂಕೇತ ಕಳಿಸಿ, ಅಲ್ಲಿಂದ ಬರುವ ಮರುಸಂಕೇತದಿಂದ ಬೆಳೆಯುವ ಬಗೆಯನ್ನು ವಿವರಿಸಿದರು.

ಹಾಗಾದರೆ ಪುನರುಜ್ಜೀವನ ಚಿಕಿತ್ಸೆ ಎಂಬುದೆಲ್ಲ ಸುಳ್ಳೇ? ಸುಳ್ಳಲ್ಲ. ಆದರೆ ಅದು ಇನ್ನೂ ಪ್ರಯೋಗದ ಹಂತದಲ್ಲಿದೆ. ಕೆಲವರಲ್ಲಿ ಗಾಯ ಆಳಕ್ಕಿಳಿದು, ತಳದ ಪದರವೇ ಸತ್ತು, ಸ್ನಾಯು ನಾರುಗಟ್ಟಿ ಮೂತ್ರಕೋಶ ಕುಗ್ಗಿಬಿಡುತ್ತದೆ. ಅಂದರೆ ತುಕ್ಕು ತಗಡನ್ನೇ ತಿಂದಂತೆ. ಅಂಥವರಿಗಾಗಿಯೇ ವಿಜ್ಞಾನಿಗಳು ಹೊಸ ದಾರಿ ಹುಡುಕುತ್ತಿದ್ದಾರೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮೂಳೆಮಜ್ಜೆ ಕಸಿಯಾದ ಮೇಲೆ ಮೂತ್ರಕೋಶದಿಂದ ರಕ್ತ ಸುರಿಯುತ್ತಿದ್ದ ರೋಗಿಗಳಿಗೆ ದಾನಿಗಳ ಮಜ್ಜೆಯಿಂದ ಬೆಳೆಸಿದ ಆಕರಕೋಶಗಳನ್ನು ಕೊಟ್ಟು, ಕೆಲವರಲ್ಲಿ ರಕ್ತಸ್ರಾವ ನಿಂತದ್ದನ್ನು ವೈದ್ಯರು 2007ರಲ್ಲಿ ವರದಿ ಮಾಡಿದರು. ರೋಗಿಗಳು ಬೆರಳೆಣಿಕೆಯಷ್ಟು, ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ. ತೈವಾನಿನಲ್ಲಿ ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಕಿರುಬಿಲ್ಲೆಗಳ ಸಾರವನ್ನು ಮೂತ್ರಕೋಶದ ಗೋಡೆಗೆ ಚುಚ್ಚುವ ಪ್ರಯತ್ನ ನಡೆದಿದೆ.

ಎಲ್ಲಕ್ಕಿಂತ ಹೆಸರು ಮಾಡಿದ್ದು ಅಮೆರಿಕದ ಆಂಟನಿ ಅಟಾಲಾ ಅವರ ಕೆಲಸ. ಬೆನ್ನುಹುರಿಯ ಹುಟ್ಟುದೋಷದಿಂದ ಮೂತ್ರಕೋಶ ಕೆಟ್ಟಿದ್ದ ಏಳು ಎಳೆಯರಿಂದ ಚೂರು ಅಂಗಾಂಶ ತೆಗೆದು, ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಮೂತ್ರಕೋಶದ ಆಕಾರದ ಅಚ್ಚಿನ ಮೇಲೆ ಬಿತ್ತಿ, ಕೆಲವು ವಾರಗಳ ಬಳಿಕ ಅವರ ದೇಹಕ್ಕೇ ಜೋಡಿಸಿದ್ದನ್ನು ಅವರ ತಂಡ 2006ರಲ್ಲಿ ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ‘ಪ್ರಯೋಗಶಾಲೆಯಲ್ಲಿ ಬೆಳೆದ ಮೂತ್ರಕೋಶ’ ಎಂದು ಪತ್ರಿಕೆಗಳು ಬರೆದವು. ಇದೇ ತತ್ತ್ವದ ಮೇಲೆ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಮುಂದಿನ ಪ್ರಯೋಗದ ಫಲಿತಾಂಶ 2014ರಲ್ಲಿ ಹೊರಬಂದಾಗ ಅಷ್ಟು ಸದ್ದಾಗಲಿಲ್ಲ. ಮೂತ್ರಕೋಶದ ಹಿಡಿತ ಹೆಚ್ಚಿರಲಿಲ್ಲ, ಗಂಭೀರ ತೊಡಕುಗಳು ಒಪ್ಪಬಹುದಾದ ಮಿತಿಯನ್ನು ಮೀರಿದ್ದವು. ವಿಜ್ಞಾನ ನಡೆಯುವುದೇ ಹೀಗೆ. ಮೊದಲ ಸುದ್ದಿ ಜಾಹೀರಾತಿಗೆ ಸೇರುತ್ತದೆ, ಎರಡನೆಯದು ಸೇರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದ ಆಕರಕೋಶ ಬಳಕೆ ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಚಿಕಿತ್ಸೆಯೆಂದು ಹೇಳಿ ರೋಗಿಯಿಂದ ಲಕ್ಷಗಟ್ಟಲೆ ಕೇಳುವವರನ್ನು ‘ಇದು ಯಾವ ಪ್ರಯೋಗ? ಎಲ್ಲಿ ನೋಂದಣಿಯಾಗಿದೆ?’ ಎಂದು ಕೇಳುವ ಹಕ್ಕು ಲಾರಿಗೆ ಬಣ್ಣ ಹೊಡೆಯುವ ತಂದೆಗೂ ಇದೆ.

ಇನ್ನು ರಕ್ತಸ್ರಾವ ಜೋರಾದವರಿಗೆ ಆಸ್ಪತ್ರೆಗಳಲ್ಲಿ ಪರಿಚಿತ ಉಪಾಯಗಳಿವೆ. ಕೊಳವೆಯಿಂದ ಮೂತ್ರಕೋಶವನ್ನು ಎಡೆಬಿಡದೆ ತೊಳೆಯುತ್ತಾರೆ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಪಟಕದ ಶುದ್ಧ ದ್ರಾವಣವನ್ನೂ ಕೆಲವೊಮ್ಮೆ ಬಳಸುತ್ತಾರೆ (ಇದು ಮನೆಯಲ್ಲಿ ಮಾಡುವ ಕೆಲಸವಲ್ಲ). ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸಿ, ಗಾಯದಲ್ಲಿ ಹೊಸ ರಕ್ತನಾಳಗಳು ಮೂಡುವಂತೆ ಮಾಡುವ ವಿಧಾನವೂ ಇದೆ. ಇವೆಲ್ಲದರ ಗುರಿ ಒಂದೇ, ದೇಹ ತನ್ನ ದುರಸ್ತಿಯನ್ನು ತಾನೇ ಮಾಡಿಕೊಳ್ಳಲು ಅವಕಾಶ ಕೊಡುವುದು.

ವಿದ್ಯಾರ್ಥಿಗಳು ಇಲ್ಲೇ ಇನ್ನೊಂದು ಮಾತನ್ನು ತಿಳಿದಿರಬೇಕು. ಮೂತ್ರಕೋಶವನ್ನು ಸುಡುವ ಮದ್ದು ಇದೊಂದೇ ಅಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಕೊಡುವ ಕೆಟಮಿನ್ ಬಹು ಉಪಯುಕ್ತ ಔಷಧ. ಆಪರೇಷನ್ನಿನಲ್ಲಿ ಒಮ್ಮೆ ಅದನ್ನು ಕೊಟ್ಟರೆಂದು ಹೆದರಬೇಕಿಲ್ಲ. ಆದರೆ ಅದನ್ನೇ ನಶೆಗೆಂದು ಮತ್ತೆ ಮತ್ತೆ ಸೇವಿಸಿದ ಯುವಕರಲ್ಲಿ ಮೂತ್ರಕೋಶದ ಭೀಕರ ಉರಿಯೂತ ಕಂಡುಬಂದದ್ದನ್ನು 2007ರಲ್ಲಿ ಕೆನಡಾದ ಟೊರಾಂಟೊ ಮತ್ತು ಹಾಂಗ್‌ಕಾಂಗಿನ ವೈದ್ಯರು ವರದಿ ಮಾಡಿದರು. ಸಾಧಾರಣವಾಗಿ 400 ಮಿಲಿಲೀಟರಿನಷ್ಟು ಹಿಡಿಯುವ ಅಂಗ ಕೆಲವರಲ್ಲಿ ಒಂದು ಚಹದ ಲೋಟದಷ್ಟೂ ಹಿಡಿಯದಂತಾಗಿ, ಕರುಳಿನ ತುಂಡು ಜೋಡಿಸಿ ದೊಡ್ಡದು ಮಾಡಬೇಕಾಯಿತು. ನಮ್ಮ ದೇಶದಲ್ಲಿ 2011ರಲ್ಲಿ ಕೆಟಮಿನ್ನನ್ನು ಮಾದಕವಸ್ತು ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಅಲ್ಲಿಯೂ ಮೊದಲ ಚಿಕಿತ್ಸೆ ಒಂದೇ, ನಿಲ್ಲಿಸುವುದು. ಬೇಗ ನಿಲ್ಲಿಸಿದವರಲ್ಲಿ ಎಷ್ಟೋ ಮಂದಿ ಸುಧಾರಿಸುತ್ತಾರೆ. ನಿಲ್ಲಿಸದವರಿಗೆ ಯಾವ ಆಕರಕೋಶವೂ ನೆರವಾಗದು.

ಬಸವಕಲ್ಯಾಣದ ಹುಡುಗಿಗೆ ವೈದ್ಯೆ ಗುಳಿಗೆ ಬದಲಿಸಿ ಮೈಕೊಫೆನೊಲೇಟ್ ಎಂಬ ಬೇರೆ ಮದ್ದು ಕೊಟ್ಟರು. ಮದ್ದನ್ನು ತಾವಾಗಿಯೇ ನಿಲ್ಲಿಸಬಾರದೆಂದು ತಾಯಿಗೆ ಒತ್ತಿ ಹೇಳಿದರು, ಏಕೆಂದರೆ ಲೂಪಸ್ ಇನ್ನೂ ಒಳಗೇ ಇತ್ತು. ಮೂತ್ರಪಿಂಡದ ರೋಗಿ ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರೇ ಅಳೆದು ಹೇಳಬೇಕು, ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಸೈಕ್ಲೋಫಾಸ್ಫಮೈಡ್ ತೆಗೆದುಕೊಂಡವರಲ್ಲಿ ವರ್ಷಗಳ ಬಳಿಕವೂ ಮೂತ್ರಕೋಶದ ಕ್ಯಾನ್ಸರಿನ ಅಪಾಯ ತುಸು ಹೆಚ್ಚಿರುವುದರಿಂದ ಆಗಾಗ ಮೂತ್ರ ಪರೀಕ್ಷೆ ತಪ್ಪಿಸಬಾರದೆಂದೂ ಎಚ್ಚರಿಸಿದರು. ಒಂದು ವಾರಕ್ಕೆ ಕೆಂಪು ಹೋಯಿತು. ಮೂರನೆಯ ವಾರಕ್ಕೆ ಉರಿ ಹೋಯಿತು. ಹೊಲ ಉಳಿಯಿತು.

ಆದರೆ ಚಿಲಕ? ಅವ್ವ ಅಕ್ಷರ ಬಲ್ಲವಳಲ್ಲ, ಶಾಲೆಯ ಮೆಟ್ಟಿಲು ಹತ್ತಿದವಳೂ ಅಲ್ಲ. ಕಲಬುರಗಿಯಿಂದ ಬಂದ ಮೂರನೆಯ ದಿನ ವೈದ್ಯರ ಚೀಟಿ ಹಿಡಿದು ಮುಖ್ಯೋಪಾಧ್ಯಾಯರ ಮುಂದೆ ನಿಂತಳು. “ಓದಿ ನೋಡ್ರಿ ಸರ್. ಎರಡು ತಾಸಿಗೊಮ್ಮೆ ಅಂತ ಬರದದ. ಎಲ್ಲಿಗೆ ಹೋಗಬೇಕ್ರಿ ನನ್ನ ಮಗಳು?” ಎಂದಳು. ಅವರು ತಡೆದು ಉತ್ತರಿಸುವಷ್ಟರಲ್ಲಿ ಅಪ್ಪ ಸಸ್ತಾಪುರ ಬಂಗ್ಲಾದಿಂದ ತಂದಿದ್ದ ಲಾರಿ ಬಾಗಿಲಿನ ಗಟ್ಟಿ ಚಿಲಕವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಅದನ್ನು ಅಂದೇ ಸಂಜೆ ಕೂರಿಸಿದ್ದೂ ಅವನೇ. ನಲ್ಲಿಗೆ ನೀರು ಬರಲು ಇನ್ನೊಂದು ತಿಂಗಳು ಹಿಡಿಯಿತು.

2019ರಲ್ಲಿ ಕೇರಳದ ಶಾಲೆಗಳಲ್ಲಿ ಹೆಸರಾದ ‘ನೀರಿನ ಗಂಟೆ’ಯ ಮಾತು ಕರ್ನಾಟಕದಲ್ಲೂ ಕೇಳಿಬಂತು. ದಿನಕ್ಕೆ ಕೆಲವು ಬಾರಿ ಗಂಟೆ ಹೊಡೆದು ಮಕ್ಕಳೆಲ್ಲ ಒಟ್ಟಿಗೆ ನೀರು ಕುಡಿಯುವ ಒಳ್ಳೆಯ ಪದ್ಧತಿ. ಆದರೆ ನೀರಿನ ಗಂಟೆ ಹೊಡೆಯುವ ಮೊದಲು ಕುಡಿದ ನೀರು ಹೊರಹೋಗಲು ಬಾಗಿಲಿರಬೇಕು, ಬಾಗಿಲಿಗೆ ಚಿಲಕವಿರಬೇಕು. ಅದಕ್ಕೂ ಮೊದಲು, ‘ಉರಿ ಆಗಲತದ’ ಎಂಬ ಮಾತನ್ನು ಮಗಳು ನಾಚದೆ ಹೇಳಬಲ್ಲ ಮನೆಯಿರಬೇಕು. ಆ ನಾಲ್ಕು ದಿನದ ಮೌನ ನಲವತ್ತು ದಿನವಾಗಿದ್ದರೆ ಗಾಯ ಎಲ್ಲಿಗೆ ಇಳಿಯುತ್ತಿತ್ತೋ ಹೇಳಲಾಗದು.

ಈಗ ಆ ಬಾಟಲಿಯ ನೀರು ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹುಡುಗಿ ಶಾಲೆಯಲ್ಲಿ ಅದನ್ನು ಮತ್ತೊಮ್ಮೆ ತುಂಬಿಕೊಳ್ಳುತ್ತಾಳೆ. ಸಂಜೆ ಅದರಲ್ಲಿ ಸ್ವಲ್ಪ ಉಳಿದಿದ್ದರೆ ಓಣಿಯ ತಿರುವಿನ ಬೇವಿನ ಮರಕ್ಕೆ ಸುರಿಯುತ್ತಾಳೆ. ರೂಢಿಯಾದ ಮರ, ಅದಕ್ಕೂ ಬೇಸಿಗೆಯೇ ಅಲ್ಲವೇ ಎನ್ನುತ್ತಾಳೆ.